ಹೆಬ್ಬೆರಳಿನ ಬಗ್ಗೆ ಯಾರೂ ಕೇಳಲ್ಲ

ಜಪಾನಿನ ರಾಕ್ ಕಲಾವಿದರು ಹೊರದೇಶಕ್ಕೆ ಟೂರ್ ಹೋದಾಗ ಕೊಡುವ ಸಂದರ್ಶನಗಳನ್ನು ನಾನು ಬಹಳ ವರ್ಷಗಳಿಂದ ಹುಡುಕಿ ಹುಡುಕಿ ಓದುತ್ತಾ ಬಂದಿದ್ದೇನೆ. ಪ್ಯಾರಿಸ್ ಇರಲಿ, ಸಾವೊ ಪೌಲೊ ಇರಲಿ, ಲಾಸ್ ಏಂಜಲೀಸ್ ಇರಲಿ, ಮೊದಲ ಪ್ರಶ್ನೆ ಬಹುಪಾಲು ಒಂದೇ. ನಮ್ಮ ಊರು ಹೇಗನ್ನಿಸ್ತು? ಆಮೇಲೆ, ಇಲ್ಲಿನ ಊಟದಲ್ಲಿ ಏನು ಇಷ್ಟ ಆಯ್ತು? ಆಮೇಲೆ, ಜಪಾನಿನ ಪ್ರೇಕ್ಷಕರಿಗೂ ನಮ್ಮವರಿಗೂ ಏನು ವ್ಯತ್ಯಾಸ? ಅಷ್ಟು ಹೊತ್ತಿಗೆ ಕೊಟ್ಟ ಸಮಯದಲ್ಲಿ ಅರ್ಧ ಮುಗಿದಿರುತ್ತದೆ. ಎದುರಿಗೆ ಕೂತ ಮನುಷ್ಯ ರಾತ್ರಿಯೆಲ್ಲ ಬಸ್ಸಿನಲ್ಲಿ ಮಲಗಿ, ಬೆಳಿಗ್ಗೆ ಹಾಲ್‌ನ ಹಿಂಬಾಗಿಲಲ್ಲಿ ಇಳಿದು, ಸೌಂಡ್ ಚೆಕ್ ಮುಗಿಸಿ ಬಂದಿರುತ್ತಾನೆ. ಊರು ನೋಡಿಯೇ ಇರುವುದಿಲ್ಲ. ಆದರೂ ಚೆನ್ನಾಗಿದೆ ಅನ್ನುತ್ತಾನೆ. ಇಲ್ಲಿನ ಜನ ತುಂಬ ಜೋರಾಗಿ ಹಾಡ್ತಾರೆ ಅನ್ನುತ್ತಾನೆ. ಎಲ್ಲ ಊರಲ್ಲೂ ಹೇಳಿದ ಮಾತೇ. ಅದನ್ನು ಓದುವ ಅಭಿಮಾನಿಗೆ ಕೈಗೆ ಏನೂ ಸಿಗುವುದಿಲ್ಲ.

ಪತ್ರಕರ್ತರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಅವರಿಗೆ ಆ ವಾರ ಬೇರೆ ಬ್ಯಾಂಡ್‌ಗಳ ಕೆಲಸವೂ ಇರುತ್ತದೆ. ಎಷ್ಟೋ ಸಲ ಪ್ರಶ್ನೆಗಳ ಪಟ್ಟಿಯನ್ನು ಮೊದಲೇ ಮ್ಯಾನೇಜ್‌ಮೆಂಟ್‌ಗೆ ಕಳಿಸಬೇಕು. ಅವರು ಬೇಡ ಅಂದದ್ದನ್ನು ತೆಗೆಯಬೇಕು. ಮಧ್ಯೆ ದುಭಾಷಿ ಕೂತರೆ ಹದಿನೈದು ನಿಮಿಷ ಅನ್ನುವುದು ಏಳೆಂಟು ನಿಮಿಷಕ್ಕೆ ಇಳಿಯುತ್ತದೆ, ಯಾಕೆಂದರೆ ಪ್ರತಿ ಮಾತನ್ನೂ ಎರಡು ಸಲ ಹೇಳಬೇಕು. ಉದ್ದ ಪ್ರಶ್ನೆ ಕೇಳಿದರೆ ದುಭಾಷಿ ಅದನ್ನು ಮೊಟಕು ಮಾಡುತ್ತಾರೆ. ಒಂದರಲ್ಲಿ ಎರಡು ಪ್ರಶ್ನೆ ಸೇರಿಸಿದರೆ ಒಂದಕ್ಕೆ ಮಾತ್ರ ಉತ್ತರ ಬರುತ್ತದೆ, ಅದೂ ಸುಲಭ ಇರುವುದಕ್ಕೆ. ಇಷ್ಟೆಲ್ಲ ಇಕ್ಕಟ್ಟಿನಲ್ಲಿ ಯಾರಾದರೂ ಊರು ಹೇಗಿದೆ ಅಂತಲೇ ಶುರು ಮಾಡುತ್ತಾರೆ, ಅದು ಸಹಜ.

ನನ್ನನ್ನು ಕಾಡುವುದು ಬೇರೆ. ಅದೇ ಹೊತ್ತಿಗೆ ಅದೇ ಹಾಲ್‌ನ ಹೊರಗೆ, ಮುಂಬಾಗಿಲ ಹತ್ತಿರ ಕ್ಯೂನಲ್ಲಿ ನಿಂತವರ ಹತ್ತಿರ ಇದಕ್ಕಿಂತ ಎಷ್ಟೋ ಒಳ್ಳೆಯ ಪ್ರಶ್ನೆಗಳಿರುತ್ತವೆ. ಒಳಗೆ ಹೋಗುವ ದಾರಿ ಮಾತ್ರ ಆ ಪ್ರಶ್ನೆಗಳಿಗೆ ಇರುವುದಿಲ್ಲ. ಒಂದು ಸಲ ಅವು ಒಳಗೆ ಹೋಗಲು ತಯಾರಾದದ್ದನ್ನು ನಾನು ಹತ್ತಿರದಿಂದ ನೋಡಿದೆ. ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿರುವುದನ್ನು ಇಲ್ಲಿ ಬರೆದು ಹಗುರಾಗೋಣ ಅನ್ನಿಸಿತು.

ಕ್ಯೂನಲ್ಲಿ ಒಂದು ನೋಟ್‌ಬುಕ್

ನಾನಾಗ ಕೆಲಸದ ಮೇಲೆ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿದ್ದೆ. ಜರ್ಮನಿಯಲ್ಲಿ ಜಪಾನೀಯರು ಅತಿ ಹೆಚ್ಚು ಇರುವ ಊರು ಅದು. ರೈಲ್ವೆ ಸ್ಟೇಷನ್‌ನಿಂದ ಹೊರಬಂದು ಇಮ್ಮರ್‌ಮಾನ್ ರಸ್ತೆಗೆ ಕಾಲಿಟ್ಟರೆ ರಾಮೆನ್ ಅಂಗಡಿ, ಜಪಾನೀ ಪುಸ್ತಕದಂಗಡಿ, ಜಪಾನೀ ದಿನಸಿ, ಎಲ್ಲ ಸಾಲಾಗಿ. ಅಲ್ಲೇ ನನಗೆ ಒಬ್ಬಳು ಗೆಳತಿ ಸಿಕ್ಕಳು. ಜರ್ಮನ್ ಹುಡುಗಿ, ಒಂದು ಸಣ್ಣ ಸಂಗೀತ ಪತ್ರಿಕೆಗೆ ಬರೆಯುತ್ತಿದ್ದಳು. ನಮ್ಮಿಬ್ಬರನ್ನೂ ಹತ್ತಿರ ತಂದದ್ದು ಮಿಯಾವಿ, ಗಿಟಾರ್ ನುಡಿಸುತ್ತಾ ಹಾಡುವ ಜಪಾನಿನ ರಾಕ್ ಕಲಾವಿದ. ನಾನು 2004ರಲ್ಲಿ ಇಂಡಿಯಾದಲ್ಲಿ ಶುರುವಾದ, ಜಪಾನೀ ಕಾರ್ಟೂನ್ (ಅನಿಮೆ) ತೋರಿಸುವ ಅನಿಮ್ಯಾಕ್ಸ್ ಚಾನಲ್ ನೋಡಿ ಜಪಾನೀ ಹಾಡಿಗೆ ಬಿದ್ದವಳು. ಅವಳು 2008ರಲ್ಲಿ ಮಿಯಾವಿ ಅಮೆರಿಕ, ದಕ್ಷಿಣ ಅಮೆರಿಕ, ಯುರೋಪ್, ಏಷ್ಯಾ ಎಲ್ಲ ಸುತ್ತಿದ ಆ ದೊಡ್ಡ ಟೂರ್‌ನಲ್ಲಿ ಅವನನ್ನು ಮೊದಲು ನೋಡಿದವಳು.

ಮುಂದೆ ಮಿಯಾವಿ ಮತ್ತೆ ಯುರೋಪ್‌ಗೆ ಬಂದಾಗ ಅವಳ ಪತ್ರಿಕೆಗೆ ಸಂದರ್ಶನಕ್ಕೆ ಸ್ವಲ್ಪ ಸಮಯ ಸಿಕ್ಕಿತು. ಅವಳು ಒಂದು ನಿರ್ಧಾರ ಮಾಡಿದಳು. ತನ್ನ ಪ್ರಶ್ನೆ ಅರ್ಧ, ಅಭಿಮಾನಿಗಳ ಪ್ರಶ್ನೆ ಅರ್ಧ. ಅದನ್ನು ಸಂಗ್ರಹಿಸಲು ಅದೇ ಟೂರ್‌ನ ಹಿಂದಿನ ಊರಿನ ಶೋಗೆ ನಾವಿಬ್ಬರೂ ರೈಲು ಹತ್ತಿದೆವು. ಮಧ್ಯಾಹ್ನದ ಹೊತ್ತಿಗೇ ಹಾಲ್‌ನ ಮುಂದೆ ಜನ ಕೂತಿದ್ದರು. ರಟ್ಟು ಹಾಸಿಕೊಂಡವರು, ಫ್ಲಾಸ್ಕ್‌ನಲ್ಲಿ ಟೀ ತಂದವರು, ಕಣ್ಣಿಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದವರು, ಮಗಳನ್ನು ಬಿಡಲು ಬಂದು ತಾವೂ ಉಳಿದ ಅಪ್ಪಂದಿರು. ಗೆಳತಿ ನೋಟ್‌ಬುಕ್ ತೆಗೆದು ಒಬ್ಬೊಬ್ಬರ ಹತ್ತಿರವೂ ಒಂದೇ ಮಾತು ಹೇಳುತ್ತಾ ಹೋದಳು: ನಿಮಗೆ ಒಂದೇ ಒಂದು ಪ್ರಶ್ನೆ ಕೇಳುವ ಅವಕಾಶ ಇದೆ, ಯೋಚನೆ ಮಾಡಿ ಬರೀರಿ.

ಮೊದಲು ಬಂದವು ಯಾವುವು ಅಂತ ನೀವೇ ಊಹಿಸಬಹುದು. ಇಷ್ಟದ ಬಣ್ಣ ಯಾವುದು, ಹೊಸ ಟ್ಯಾಟೂ ಹಾಕಿಸ್ತೀಯಾ, ನಿನ್ನ ಹಳೇ ಹಾಡು ಯಾಕೆ ಹಾಡಲ್ಲ. ಇನ್ನು ಕೆಲವು ಪ್ರಶ್ನೆಯೇ ಆಗಿರಲಿಲ್ಲ, ಪತ್ರ. ನಾನು ಶಾಲೆಯಲ್ಲಿ ಒಬ್ಬಳೇ ಆಗಿದ್ದಾಗ ನಿನ್ನ ಹಾಡು ಇತ್ತು, ಅದಕ್ಕೆ ಥ್ಯಾಂಕ್ಸ್, ಅಂತ ಒಬ್ಬಳು ಒಂದು ಪುಟ ತುಂಬ ಬರೆದುಕೊಟ್ಟಳು. ಗೆಳತಿ ಆ ಪುಟವನ್ನು ಹರಿಯದೆ ನೋಟ್‌ಬುಕ್‌ನಲ್ಲೇ ಮಡಿಸಿಟ್ಟಳು. ಪ್ರಶ್ನೆ ಆಗದಿದ್ದರೆ ಏನಂತೆ, ಅದು ಅವನ ಕೈಗೇ ಹೋಗಬೇಕಾದದ್ದು, ನಾನು ಕೊಡ್ತೀನಿ ಅಂದಳು. ಅದು ನನಗೆ ಬಹಳ ಇಷ್ಟವಾಯಿತು.

ಆಮೇಲೆ ಒಬ್ಬ ಹುಡುಗಿ. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಅವಳು ಬರೆಯಲಿಲ್ಲ, ಕೈ ತೋರಿಸಿದಳು. ಬಲಗೈ ಹೆಬ್ಬೆರಳಿನ ಪಕ್ಕದಲ್ಲಿ, ಗಂಟಿನ ಹತ್ತಿರ, ಚರ್ಮ ದಪ್ಪಗಾಗಿ ಹಳದಿ ತಿರುಗಿತ್ತು. ಅದರ ನಡುವೆ ಒಂದು ಸೀಳು. ಸೀಳಿನ ಸುತ್ತ ಪ್ಲಾಸ್ಟರ್ ಕಿತ್ತ ಅಂಟಿನ ಗುರುತು. ಮಿಯಾವಿ ನುಡಿಸುವ ಹಾಗೆ ನುಡಿಸಲು ಹೋಗಿ ಆದದ್ದು.

ಗೊತ್ತಿಲ್ಲದವರಿಗೆ ಒಂದು ಮಾತು. ಮಿಯಾವಿ ಗಿಟಾರ್‌ಗೆ ಪಿಕ್, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆ, ಹಿಡಿಯುವುದಿಲ್ಲ. ಬೇಸ್ ಗಿಟಾರ್ ನುಡಿಸುವವರು ಸ್ಲ್ಯಾಪ್ ಅಂತ ಮಾಡುತ್ತಾರಲ್ಲ, ಹೆಬ್ಬೆರಳಿನ ಮೂಳೆಯ ಭಾಗದಿಂದ ತಂತಿಗೆ ಹೊಡೆದು, ಇನ್ನೊಂದು ಬೆರಳಿನಿಂದ ತಂತಿಯನ್ನು ಎಳೆದು ಬಿಡುವುದು, ಅದನ್ನೇ ಅವನು ಟೆಲಿಕಾಸ್ಟರ್ ಅನ್ನುವ ಎಲೆಕ್ಟ್ರಿಕ್ ಗಿಟಾರ್ ಮೇಲೆ ಮಾಡುತ್ತಾನೆ. ಬೇಸ್‌ನ ತಂತಿ ದಪ್ಪ. ಗಿಟಾರ್‌ನ ತಂತಿ ತೆಳ್ಳಗೆ, ಹೊಡೆದಷ್ಟೂ ಚರ್ಮ ಕೊಯ್ಯುತ್ತದೆ. 2010ರ ಆಲ್ಬಮ್ ಹೊತ್ತಿಗೆ ವೇದಿಕೆ ಮೇಲೆ ಅವನು ಮತ್ತು ಡ್ರಮ್ಮರ್ ಬೋಬೋ ಇಬ್ಬರೇ. ಬೇಸ್ ನುಡಿಸುವವರಿಲ್ಲ, ಕೀಬೋರ್ಡ್ ಇಲ್ಲ. ಒಂದು ಗಿಟಾರ್, ಒಂದು ಡ್ರಮ್ ಸೆಟ್. ಎಲ್ಲ ಭಾರ ಆ ಹೆಬ್ಬೆರಳಿನ ಮೇಲೆ.

ಅವಳ ಪ್ರಶ್ನೆ ಹೀಗಿತ್ತು. ಚಳಿಗಾಲದಲ್ಲಿ ದಿನಾ ಶೋ ಇರುವಾಗ ಹೆಬ್ಬೆರಳು ಒಡೆದರೆ ಏನು ಮಾಡ್ತೀರಾ? ಪ್ಲಾಸ್ಟರ್ ಹಾಕಿದರೆ ಸದ್ದು ಮಂಕಾಗುತ್ತೆ, ನಾನು ಹಾಕಿ ನೋಡಿದ್ದೇನೆ. ಅಂಟು ಹಾಕಿ ಮುಚ್ಚಿದರೆ ಎರಡನೇ ಹಾಡಿಗೇ ಬಿಟ್ಟುಕೊಳ್ಳುತ್ತೆ. ಹಾಡಿನ ಪಟ್ಟಿಯನ್ನೇ ಬದಲಾಯಿಸ್ತೀರಾ, ಅಥವಾ ಹೊಡೆಯುವ ಜಾಗ ಬದಲಾಯಿಸ್ತೀರಾ?

ಗೆಳತಿ ಬರೆದುಕೊಂಡಳು. ಸ್ವಲ್ಪ ದೂರ ಬಂದ ಮೇಲೆ, ಇದು ಓದುಗರಿಗೆ ಬೋರ್ ಆಗುತ್ತೆ ಅಲ್ವಾ, ಗಿಟಾರ್ ನುಡಿಸುವವರಿಗೆ ಮಾತ್ರ ಇದು ಬೇಕಾದದ್ದು ಅಂದಳು. ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ನಾನು ಗಿಟಾರ್ ಮುಟ್ಟಿದವಳಲ್ಲ. ಆದರೂ ಅವತ್ತು ಆ ಕ್ಯೂನಲ್ಲಿ ಕೇಳಿದ ಪ್ರಶ್ನೆಗಳಲ್ಲಿ ನನಗೆ ಉತ್ತರ ಬೇಕೇ ಬೇಕು ಅನ್ನಿಸಿದ್ದು ಇದಕ್ಕೆ. ನಿಮ್ಮ ಸಂಗೀತದ ಹಿಂದಿನ ಚಿಂತನೆ ಏನು ಅಂತ ಕೇಳಿದರೆ ಅದಕ್ಕೆ ಯಾವ ಕಲಾವಿದನ ಹತ್ತಿರವೂ ಸಿದ್ಧ ಉತ್ತರ ಇರುತ್ತದೆ, ಹಿಂದಿನ ಊರಲ್ಲೂ ಅದನ್ನೇ ಹೇಳಿರುತ್ತಾನೆ. ಹೆಬ್ಬೆರಳು ಒಡೆದರೆ ಏನು ಮಾಡ್ತೀರಾ ಅಂದರೆ ಸಿದ್ಧ ಉತ್ತರ ಇಲ್ಲ. ಒಂದು ಕ್ಷಣ ನಿಂತು, ಯಾವುದೋ ಒಂದು ರಾತ್ರಿಯನ್ನು ನೆನಪು ಮಾಡಿಕೊಳ್ಳಬೇಕು. ಕೇಳುವವಳ ಕೈಯಲ್ಲೂ ಅದೇ ಗಾಯ ಇದೆ ಅಂದಮೇಲೆ ಸುಮ್ನೆ ಏನೋ ಹೇಳಿ ಜಾರಿಕೊಳ್ಳಲು ಆಗುವುದೂ ಇಲ್ಲ.

ಅವರಿಗೆ ಗೊತ್ತಿರುವುದನ್ನು ಇವರು ಕೇಳುತ್ತಾರೆ

ಜಪಾನಿನ ಒಳಗೆ ಇದು ಹೀಗಿಲ್ಲ ಅನ್ನುವುದನ್ನು ಹೇಳಲೇಬೇಕು. ಅಲ್ಲಿ ಕಲಾವಿದರೂ ಕೇಳುಗರೂ ಮಾತಾಡಿಕೊಳ್ಳುವುದಕ್ಕೆ ಹಳೆಯ ದಾರಿಗಳಿವೆ. ನಿಪ್ಪಾನ್ ಬ್ರಾಡ್‌ಕಾಸ್ಟಿಂಗ್ ರೇಡಿಯೋದಲ್ಲಿ 1967ರ ಅಕ್ಟೋಬರ್‌ನಲ್ಲಿ ಶುರುವಾದ ಆಲ್ ನೈಟ್ ನಿಪ್ಪಾನ್ ಅನ್ನುವ ನಡುರಾತ್ರಿ ಕಾರ್ಯಕ್ರಮ ಇವತ್ತಿಗೂ ನಡೆಯುತ್ತಿದೆ. ಎಷ್ಟೋ ಸಂಗೀತಗಾರರು ಅಲ್ಲಿ ಮೈಕ್ ಮುಂದೆ ಕೂತು ಕೇಳುಗರ ಪೋಸ್ಟ್‌ಕಾರ್ಡ್ ಓದಿದ್ದಾರೆ. ನಕಾಜಿಮಾ ಮಿಯುಕಿ 1979ರಿಂದ 1987ರವರೆಗೆ ಓದಿದರು. ಪರೀಕ್ಷೆಗೆ ಓದುತ್ತಾ ಎದ್ದಿರುವ ಹುಡುಗರು, ರಾತ್ರಿ ಲಾರಿ ಓಡಿಸುವವರು ಕಳಿಸಿದ ಕಾರ್ಡುಗಳು. ಕಾರ್ಡಿನಲ್ಲಿ ಜಾಗ ಕಮ್ಮಿ, ಹಾಗಾಗಿ ಕೇಳುವುದನ್ನು ನೇರವಾಗಿ ಕೇಳಬೇಕು. ನಮ್ಮಲ್ಲಿ ಆಕಾಶವಾಣಿಗೆ ಕಾರ್ಡು ಬರೆದು ಹೆಸರು ಬರುತ್ತದಾ ಅಂತ ಕಾಯುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪತ್ರಿಕೆಗಳೂ ಹಾಗೇ. ಯಂಗ್ ಗಿಟಾರ್ 1969ರಿಂದ ಇದೆ. ಯಾವ ತಂತಿ, ಯಾವ ಆಂಪ್, ಯಾವ ಬೆರಳು ಅಂತ ಪುಟಗಟ್ಟಲೆ ಬರೆಯುತ್ತಾರೆ. ರಾಕಿನ್‌ಆನ್ ಜಪಾನ್ ಅನ್ನುವ ಪತ್ರಿಕೆಯಲ್ಲಿ 20,000 ಅಕ್ಷರಗಳ ಸಂದರ್ಶನ ಅಂತಲೇ ಒಂದು ಪ್ರಸಿದ್ಧ ಸರಣಿ ಇದೆ. ಹುಟ್ಟಿದಾಗಿನಿಂದ ಶುರು. ಅಪ್ಪ ಅಮ್ಮ, ಶಾಲೆ, ಮೊದಲ ಬ್ಯಾಂಡ್, ಜಗಳ, ಎಲ್ಲ.

ಇದನ್ನೆಲ್ಲ ಜಪಾನೀ ಬಲ್ಲ ಅಭಿಮಾನಿಗಳು ಬೇರೆ ದೇಶದ ಅಭಿಮಾನಿಗಳಿಗಾಗಿ ಅನುವಾದ ಮಾಡಿ ಹಂಚಿರುತ್ತಾರೆ. ದುಡ್ಡಿಗಲ್ಲ, ಯಾರೂ ಹೇಳಿ ಮಾಡಿಸಿದ್ದೂ ಅಲ್ಲ. ಹಾಗಾಗಿ ಜರ್ಮನಿಯ ಒಂದು ಸಣ್ಣ ಊರಿನ ಹುಡುಗಿಗೂ ಗೊತ್ತು, ಮಿಯಾವಿ 1981ರಲ್ಲಿ ಓಸಾಕಾದಲ್ಲಿ ಹುಟ್ಟಿದ್ದು, ಫುಟ್‌ಬಾಲ್ ಆಟಗಾರ ಆಗಬೇಕು ಅಂತ ಸೆರೆಜೊ ಓಸಾಕಾದ ಹುಡುಗರ ತಂಡದಲ್ಲಿ ಆಡಿದ್ದು, ಗಾಯ ಆಗಿ ಅದು ನಿಂತು ಗಿಟಾರ್ ಹಿಡಿದದ್ದು, ಹದಿಹರೆಯದಲ್ಲೇ ಟೋಕಿಯೋಗೆ ಬಂದು ಡ್ಯೂ ಲೆ ಕ್ವಾರ್ಟ್ಸ್ ಬ್ಯಾಂಡ್ ಸೇರಿದ್ದು, 2002ರಲ್ಲಿ ಬ್ಯಾಂಡ್ ಮುರಿದು ಒಬ್ಬನೇ ಹೊರಟದ್ದು. ಇಷ್ಟು ಗೊತ್ತಿರುವವಳು ಟಿವಿ ಹಾಕಿದರೆ ಅಲ್ಲಿ ಕೇಳುವುದು, ಗಿಟಾರ್ ಹೇಗೆ ಶುರು ಮಾಡಿದ್ರಿ? ಅಭಿಮಾನಿಯ ಪ್ರಶ್ನೆ ಇದಾದ ಮೇಲಿನದು. ಫುಟ್‌ಬಾಲ್ ಬಿಟ್ಟ ಮೇಲೆ ಮೊದಲ ಸಲ ಯಾವಾಗ ಮತ್ತೆ ಮೈದಾನಕ್ಕೆ ಹೋದ್ರಿ, ಅಂತ ಆ ಕ್ಯೂನಲ್ಲಿ ಒಬ್ಬ ಬರೆದಿದ್ದ. ಅವನು ಮೊಣಕಾಲಿನ ಆಪರೇಷನ್ ಆಗಿ ಆಟ ಬಿಟ್ಟವನಂತೆ.

ಅಭಿಮಾನಿಗಳು ಅಂದರೆ ಕಿರುಚುವವರು, ಕಣ್ಣು ಮುಚ್ಚಿ ಹೊಗಳುವವರು, ಅವರ ಕೈಗೆ ಸಂದರ್ಶನ ಕೊಟ್ಟರೆ ಕೆಟ್ಟುಹೋಗುತ್ತದೆ ಅನ್ನುವ ಒಂದು ನಂಬಿಕೆ ಸಂಗೀತದ ಬಗ್ಗೆ ಬರೆಯುವವರಲ್ಲಿ ಇದೆ. ನಾನು ಅದನ್ನು ನಂಬುವುದಿಲ್ಲ. ಒಂದು ಹಾಡನ್ನು ವರ್ಷಗಟ್ಟಲೆ ಕೇಳಿದವರಿಗೆ ಅದರಲ್ಲಿ ಎಲ್ಲಿ ಉಸಿರು ಕಟ್ಟಿದೆ, ಯಾವ ಟೂರ್‌ನಿಂದ ಅದರ ವೇಗ ಬದಲಾಗಿದೆ ಅನ್ನುವುದು ಕಿವಿಗೆ ಗೊತ್ತಿರುತ್ತದೆ. ಅಷ್ಟು ಹತ್ತಿರದಿಂದ ಕೇಳಿದವರು ಬೇರೆ ಯಾರಿದ್ದಾರೆ?

ಮಡಿಸಿದ ಚೀಟಿ

ಅವತ್ತು ಸಂಜೆ ಬಾಗಿಲು ತೆಗೆಯುವ ಸ್ವಲ್ಪ ಮುಂಚೆ ಒಬ್ಬ ಹುಡುಗ ನಮ್ಮನ್ನು ಹುಡುಕಿಕೊಂಡು ಬಂದ. ಟರ್ಕಿಯಿಂದ ವಲಸೆ ಬಂದ ಕುಟುಂಬದವನು, ಹುಟ್ಟಿದ್ದು ಬೆಳೆದದ್ದು ಜರ್ಮನಿಯಲ್ಲೇ. ಒಂದು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟ. ಬಿಡಿಸಿ ನೋಡಿದರೆ ಎರಡು ಪ್ರಶ್ನೆ ಬರೆದು ಹೊಡೆದುಹಾಕಿದ್ದ, ಮೂರನೆಯದನ್ನು ಉಳಿಸಿದ್ದ.

ಮಿಯಾವಿಯ ತಂದೆ ಜಪಾನಿನಲ್ಲಿ ನೆಲೆಸಿದ ಕೊರಿಯನ್ ಕುಟುಂಬದವರು, ಎರಡನೇ ತಲೆಮಾರು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಆಗ ಕೆಲಸಕ್ಕೆ ಅಂತ ಬಂದವರು, ಬಲವಂತದಿಂದ ಕರೆತಂದವರು, ಅವರಲ್ಲಿ ಲಕ್ಷಾಂತರ ಜನ ಯುದ್ಧ ಮುಗಿದ ಮೇಲೂ ಅಲ್ಲೇ ಉಳಿದರು. ಓಸಾಕಾದಲ್ಲಿ ಅವರ ಸಂಖ್ಯೆ ಜಾಸ್ತಿ, ಇಕುನೊ ಅನ್ನುವ ಬಡಾವಣೆಯೇ ಅದಕ್ಕೆ ಹೆಸರಾದದ್ದು. ಕೆಲಸ, ಮದುವೆ, ಬಾಡಿಗೆ ಮನೆ, ಎಲ್ಲದರಲ್ಲೂ ತೊಂದರೆ ಆಗುತ್ತದೆ ಅಂತ ಎಷ್ಟೋ ಜನ ಜಪಾನೀ ಹೆಸರು ಇಟ್ಟುಕೊಂಡು ಬದುಕಿದರು. ಹಾಡುಗಾರರು, ಕ್ರೀಡಾಪಟುಗಳು ಕೂಡ ತಮ್ಮ ಮೂಲವನ್ನು ವರ್ಷಗಟ್ಟಲೆ ಹೇಳಿಕೊಳ್ಳದೆ ಇದ್ದರು. ಮಿಯಾವಿ ಇದನ್ನು ಮುಚ್ಚಿಟ್ಟವನಲ್ಲ.

ಹುಡುಗ ಹೊಡೆದುಹಾಕಿದ ಮೊದಲ ಪ್ರಶ್ನೆ, ನಿಮ್ಮನ್ನು ನೀವು ಜಪಾನೀಯ ಅಂದುಕೊಳ್ತೀರಾ ಕೊರಿಯನ್ ಅಂದುಕೊಳ್ತೀರಾ? ಎರಡನೆಯದು, ತಾರತಮ್ಯ ಅನುಭವಿಸಿದ್ದೀರಾ? ಯಾಕೆ ಹೊಡೆದುಹಾಕಿದೆ ಅಂತ ನಾನು ಕೇಳಿದೆ. ಮೊದಲನೆಯದನ್ನು ನನಗೂ ಜನ ಕೇಳ್ತಾರೆ, ಕೇಳಿದಾಗೆಲ್ಲ ಅಲ್ಲಿಂದ ಎದ್ದು ಹೋಗೋಣ ಅನ್ಸುತ್ತೆ ಅಂದ. ಎರಡನೆಯದಕ್ಕೆ ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ ಅಂದ. ಉಳಿಸಿದ ಮೂರನೆಯದು ಇದು: ಚಿಕ್ಕವರಿದ್ದಾಗ ಅಪ್ಪನ ಕಡೆಯವರ ಮನೆಗೆ ಹೋದರೆ ಅಲ್ಲಿ ಏನು ಹಾಡು ಕೇಳಿಸ್ತಿತ್ತು?

ಸಂದರ್ಶನ ಮಾಡುವುದನ್ನು ಕಲಿಸುವ ತರಗತಿಗಳಲ್ಲಿ ಹೇಳಿಕೊಡಬೇಕಾದದ್ದನ್ನು ಆ ಹುಡುಗ ಮಡಿಸಿದ ಚೀಟಿಯಲ್ಲಿ ತಾನೇ ಮಾಡಿಬಿಟ್ಟಿದ್ದ. ಮೊದಲ ಎರಡು ಪ್ರಶ್ನೆ ಕೇಳಿದರೆ ಎದುರಿಗಿರುವವನು ಕಟಕಟೆಯಲ್ಲಿ ನಿಂತು ತನ್ನನ್ನು ಸಾಬೀತು ಮಾಡಿಕೊಳ್ಳಬೇಕು. ಮೂರನೆಯದರಲ್ಲಿ ಆ ಒತ್ತಾಯ ಇಲ್ಲ. ಬೇಕಾದರೆ ಹಾಡಿನ ಬಗ್ಗೆ ಮಾತ್ರ ಹೇಳಬಹುದು, ಬೇಕಾದರೆ ಮನೆಯ ಬಗ್ಗೆ, ಅಜ್ಜಿ ತಾತನ ಬಗ್ಗೆ, ಎಷ್ಟು ದೂರ ಬೇಕೋ ಅಷ್ಟು ದೂರ ಹೋಗಬಹುದು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಹೇಳುವವನ ಕೈಯಲ್ಲಿದೆ. ಗೆಳತಿ ಈ ಚೀಟಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಳು. ಅದರಲ್ಲಿ ನಮ್ಮಿಬ್ಬರಿಗೂ ಜಗಳ ಇರಲಿಲ್ಲ.

ಇದೇ ತರಹದ ಇನ್ನೊಂದು ಬಂತು, ವಯಸ್ಸಾದ ಒಬ್ಬರಿಂದ. ಏಂಜಲಿನಾ ಜೋಲಿ ನಿರ್ದೇಶನದ ಅನ್‌ಬ್ರೋಕನ್ 2014ರಲ್ಲಿ ಬಂದಾಗ ಮಿಯಾವಿ ಅದರಲ್ಲಿ ವತಾನಾಬೆ ಅನ್ನುವ ಜಪಾನೀ ಸೇನೆಯವನ ಪಾತ್ರ ಮಾಡಿದ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಲೂಯಿ ಝಾಂಪರೀನಿಯನ್ನು ಯುದ್ಧಕೈದಿಗಳ ಕ್ಯಾಂಪಿನಲ್ಲಿ ಹಿಂಸಿಸಿದವನು ವತಾನಾಬೆ. ಚಿತ್ರ ಜಪಾನ್ ವಿರೋಧಿ ಅಂತ ಅಲ್ಲಿ ಗಲಾಟೆ ಆಯಿತು, ಅಲ್ಲಿ ತೆರೆಗೆ ಬಂದದ್ದು 2016ರಲ್ಲಿ. ಆ ಹೊತ್ತಿನ ಸಂದರ್ಶನಗಳಲ್ಲೆಲ್ಲ ಕೇಳಿದ್ದು, ಖಳನಾಯಕ ಆಗುವುದು ಹೇಗಿತ್ತು? ಈ ಹಿರಿಯರು ಮಗಳ ಜೊತೆ ಬಂದಿದ್ದರು, ಮಿಯಾವಿಯ ಹಾಡು ಒಂದೂ ಕೇಳಿರಲಿಲ್ಲ, ಚಿತ್ರ ನೋಡಿದ್ದರು. ಅವರ ತಂದೆ ಯುದ್ಧದಲ್ಲಿ ಸೈನಿಕ ಆಗಿದ್ದವರಂತೆ, ಹೆಚ್ಚು ಹೇಳಲಿಲ್ಲ. ಶೂಟಿಂಗ್ ಮುಗಿಸಿ ರೂಮಿಗೆ ಬಂದಮೇಲೆ ಆ ದಿನ ನೀವು ಹೊಡೆದ ನಟನ ಜೊತೆ ಊಟ ಮಾಡ್ತಿದ್ರಾ ಅಂತ ಕೇಳಿ, ಅಂದರು. ಅಷ್ಟೇ.

ಕೇಳಬಾರದ್ದನ್ನು ಬಳಸಿ ಹೋಗುವುದು

ಎಕ್ಸ್ ಜಪಾನ್ ಅನ್ನುವ ಜಪಾನೀ ರಾಕ್ ಬ್ಯಾಂಡಿನ ಅಭಿಮಾನಿಗಳನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬ್ಯಾಂಡಿನ ನಾಯಕ ಯೋಶಿಕಿ ಎಲ್ಲಿ ಹೋದರೂ ಅವನನ್ನು ಸಾವಿನ ಬಗ್ಗೆ ಕೇಳುತ್ತಾರೆ. ಹತ್ತು ವರ್ಷ ವಯಸ್ಸಿನಲ್ಲಿ ತಂದೆ ಹೋದದ್ದು, 1998ರ ಮೇ 2ರಂದು ಬ್ಯಾಂಡಿನ ಗಿಟಾರ್ ವಾದಕ ಹಿಡೆ ಹೋದದ್ದು, 2011ರಲ್ಲಿ ತಾಯ್‌ಜಿ, 2023ರಲ್ಲಿ ಹೀತ್, ಇಬ್ಬರೂ ಅದೇ ಬ್ಯಾಂಡಿನಲ್ಲಿ ಬೇಸ್ ನುಡಿಸಿದವರು. ಕೇಳುವವರಿಗೆ ಅದು ಕಥೆಯ ತಿರುಳು. ಅಭಿಮಾನಿಗಳು ಅದನ್ನು ನೇರವಾಗಿ ಕೇಳುವುದು ನಾನು ಕಂಡದ್ದು ಕಮ್ಮಿ. ಅವರಿಗೂ ಅದು ತಮ್ಮ ಮನೆಯ ಸಾವೇ, ಹಾಗಾಗಿ ಸುತ್ತು ಬಳಸಿ ಹೋಗುತ್ತಾರೆ.

ಡ್ಯೂಸೆಲ್‌ಡಾರ್ಫ್‌ನಲ್ಲೇ ಪರಿಚಯ ಆದ ಒಬ್ಬ ಎಕ್ಸ್ ಅಭಿಮಾನಿ ಇದ್ದ. ಅವನಿಗೆ ಕೇಳಬೇಕಿದ್ದದ್ದು ಯೋಶಿಕಿಯನ್ನಲ್ಲ, ಸುಗಿಝೋನನ್ನು. ಸುಗಿಝೋ ಲೂನಾ ಸೀ ಬ್ಯಾಂಡಿನವನು. ಲೂನಾ ಸೀಯನ್ನು ಯೋಶಿಕಿಯ ರೆಕಾರ್ಡ್ ಕಂಪನಿ ಎಕ್ಸ್ಟಸಿ ರೆಕಾರ್ಡ್ಸ್‌ಗೆ ಕರೆತಂದದ್ದೇ ಹಿಡೆ. ಎಕ್ಸ್ ಜಪಾನ್ ಮತ್ತೆ ಒಂದಾದ ಮೇಲೆ, 2009ರಲ್ಲಿ, ಹಿಡೆ ನಿಲ್ಲುತ್ತಿದ್ದ ಜಾಗಕ್ಕೆ ಗಿಟಾರ್ ಹಿಡಿದು ಬಂದವನು ಅದೇ ಸುಗಿಝೋ. ಅವನನ್ನು ಏನು ಕೇಳುತ್ತೀಯ ಅಂದರೆ, ಹಿಡೆ ನುಡಿಸಿದ್ದರಲ್ಲಿ ಯಾವ ಭಾಗವನ್ನು ಒಂದು ಸ್ವರವೂ ಬದಲಾಯಿಸದೆ ಹಾಗೇ ನುಡಿಸ್ತೀಯ, ಯಾವುದನ್ನು ನಿನ್ನದು ಮಾಡಿಕೊಂಡಿದ್ದೀಯ, ಅಂತ ಕೇಳ್ತೀನಿ ಅಂದ. ಅದರಲ್ಲಿ ಸಾವು ಅನ್ನುವ ಮಾತು ಎಲ್ಲಿಯೂ ಇಲ್ಲ. ಆದರೆ ಇದಕ್ಕೆ ಉತ್ತರ ಹೇಳಬೇಕಾದರೆ ಸುಗಿಝೋ ಹಿಡೆಯ ಬಗ್ಗೆ ಬಾಯಿಬಿಟ್ಟು ಮಾತಾಡಲೇಬೇಕು, ಅದೂ ಗಿಟಾರ್ ನುಡಿಸುವವನು ಇನ್ನೊಬ್ಬ ಗಿಟಾರ್ ನುಡಿಸುವವನ ಬಗ್ಗೆ ಮಾತಾಡುವ ಹಾಗೆ.

"ಅಕ್ಕಾ, ಬೆಂಗಳೂರಿಗೆ ಯಾವಾಗ ಬರ್ತಾರೆ ಕೇಳು"

ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಈ ಸಂದರ್ಶನದ ವಿಷಯ ಹೇಳಿದ್ದೆ. ತಕ್ಷಣ ವಾಟ್ಸಾಪ್‌ನಲ್ಲಿ ಬಂದದ್ದು ಮೇಲಿನ ಸಾಲು. ಕ್ಯೂನಲ್ಲೂ ಇದೇ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬಂದಿತ್ತು. ಪೋಲೆಂಡ್‌ನಿಂದ ಬಂದವರು ಪೋಲೆಂಡ್‌ಗೆ ಯಾವಾಗ ಅಂದರು. ಗೆಳತಿ ಇಂಥವನ್ನೆಲ್ಲ ಸಾಲಾಗಿ ಹೊಡೆದುಹಾಕಿದಳು, ಉತ್ತರ ಗೊತ್ತಿರೋದೇ ಅಲ್ವಾ, ಖಂಡಿತ ಬರಬೇಕು ಅಂತ ಆಸೆ ಇದೆ ಅಂತಾನೆ, ಅಷ್ಟೇ, ಅಂತ.

ಅವಳು ಹೇಳಿದ್ದು ಸರಿ. ಆದರೆ ಇಷ್ಟು ಜನ ಒಂದೇ ವಿಷಯ ಕೇಳುತ್ತಿರುವಾಗ ಅದನ್ನು ಪೂರ್ತಿ ತಳ್ಳಿಹಾಕುವುದು ನನಗೆ ಸರಿ ಕಾಣಲಿಲ್ಲ. ತಂಗಿಯ ಪ್ರಶ್ನೆಯ ಒಳಗೆ ಇರುವ ಸಂಕಟ ನನಗೆ ಗೊತ್ತು. ಅವಳು ಜಪಾನೀ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದವಳು. ವರ್ಷಕ್ಕೊಂದು ಸಲ ಕಾಮಿಕ್ಸ್, ಅನಿಮೆ ಅಭಿಮಾನಿಗಳ ಮೇಳವಾದ ಬೆಂಗಳೂರಿನ ಕಾಮಿಕ್ ಕಾನ್‌ಗೆ ಬಸ್ ಹತ್ತಿ ಹೋಗುವವಳು, ಯಾಕೆಂದರೆ ಇದರ ಬಗ್ಗೆ ಎದುರಾಎದುರು ಮಾತಾಡಲು ಜನ ಸಿಗುವುದು ಅಲ್ಲಿ ಮಾತ್ರ. ಟೂರ್‌ನ ಊರುಗಳ ಪಟ್ಟಿ ಬಂದಾಗ ಅವಳಿಗೆ ಗೊತ್ತು, ತನ್ನ ಊರು ಇರಲ್ಲ ಅಂತ. ಆದರೂ ಕೊನೆಯ ಸಾಲಿನವರೆಗೂ ಓದುತ್ತಾಳೆ.

ಟೂರ್ ಅನ್ನುವುದರ ಲೆಕ್ಕ ಬೇರೆ ಇದೆ. ಯುರೋಪ್‌ನಲ್ಲಿ ಒಂದು ಬಸ್ಸಿಗೆ ಗಿಟಾರ್, ಡ್ರಮ್, ಕೆಲಸದವರು ಎಲ್ಲ ತುಂಬಿಕೊಂಡು ಹೊರಟರೆ ರಾತ್ರಿ ಒಂದು ಊರು ಬಿಟ್ಟು ಬೆಳಿಗ್ಗೆ ಇನ್ನೊಂದು ಊರು. ಮಧ್ಯಮ ಗಾತ್ರದ ಹಾಲ್‌ಗಳು ಎಲ್ಲ ಕಡೆ ಇವೆ, ಅಲ್ಲೇ ಸ್ಪೀಕರ್, ಲೈಟು ಇರುತ್ತದೆ. ಇಂಡಿಯಾಗೆ ಬರಬೇಕಾದರೆ ವಿಮಾನ, ವೀಸಾ, ಸಾಮಾನಿನ ಕಸ್ಟಮ್ಸ್, ಎಲ್ಲಕ್ಕೂ ಮುಂಗಡ ದುಡ್ಡು ಹಾಕಿ ಹೊಣೆ ಹೊರುವ ಸಂಘಟಕರು ಬೇಕು. ಒಂದೇ ಊರಿಗೆ ಬಂದು ಹೋದರೆ ಆ ಖರ್ಚು ಗಿಟ್ಟುವುದಿಲ್ಲ. ಪಕ್ಕದಲ್ಲಿ ಇನ್ನೂ ಎರಡು ಮೂರು ಊರು ಸೇರಿಸಬೇಕು. ಇದನ್ನೆಲ್ಲ ಕಲಾವಿದ ಒಬ್ಬನೇ ತೀರ್ಮಾನ ಮಾಡುವುದಿಲ್ಲ.

ಹಾಗಾದರೆ ಅದನ್ನೇ ಕೇಳೋಣ ಅಂದೆ. ಯಾವಾಗ ಬರ್ತೀರಾ ಅನ್ನುವುದನ್ನು ಬಿಟ್ಟು, ಒಂದು ಹೊಸ ಊರನ್ನು ಟೂರ್‌ಗೆ ಸೇರಿಸುವಾಗ ಆ ಮಾತು ಯಾರಿಂದ ಶುರುವಾಗುತ್ತೆ, ಮೊದಲ ಸಲ ಹೋದ ಯಾವುದಾದರೂ ಊರಿಗೆ ಅಭಿಮಾನಿಗಳು ಕರೆದದ್ದರಿಂದಲೇ ಹೋದದ್ದಿದೆಯಾ, ಇದ್ದರೆ ಅವರು ಏನು ಮಾಡಿದ್ದರು? ಇದನ್ನು ಬರೆದು ತಂಗಿಗೆ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ಅಕ್ಕಾ, ಇದು ಚೆನ್ನಾಗಿದೆ. ಆದ್ರೂ ಕೊನೇಲಿ ಬೆಂಗಳೂರು ಅನ್ನೋ ಹೆಸರು ಸೇರಿಸು. ಅವರ ಕಿವಿಗೆ ಬೀಳಲಿ." ಸೇರಿಸಿದೆ. ಗೆಳತಿಯೂ ಒಪ್ಪಿದಳು.

ಉತ್ತರಗಳ ಮಾತು

ಸಂದರ್ಶನ ಆಯಿತು, ಅಚ್ಚಾಯಿತು. ಉತ್ತರಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಗೆಳತಿಯ ಕೆಲಸ, ಅವಳ ಭಾಷೆಯಲ್ಲಿ ಅವಳು ಕೇಳಿಸಿಕೊಂಡದ್ದು, ನಾನು ನನ್ನ ಮಾತಿನಲ್ಲಿ ಹೇಳಲು ಹೋದರೆ ಕೆಡುತ್ತದೆ. 2007ರಲ್ಲಿ ಮಿಯಾವಿ ಕೆಲವು ತಿಂಗಳು ಲಾಸ್ ಏಂಜಲೀಸ್‌ನಲ್ಲಿ ಇದ್ದು ಬಂದ, 2014ರಲ್ಲಿ ಕುಟುಂಬ ಸಮೇತ ಅಲ್ಲಿಗೇ ಹೋದ. ಇಂಗ್ಲಿಷಿನಲ್ಲೇ ಮಾತಾಡುತ್ತಾನೆ. ಹಾಗಾಗಿ ದುಭಾಷಿಯ ಇಕ್ಕಟ್ಟು ಇಲ್ಲ, ಪ್ರಶ್ನೆ ಕೇಳಿದವನ ಮುಖಕ್ಕೇ ಉತ್ತರ ಬರುತ್ತದೆ.

ಅಭಿಮಾನಿಗಳ ಪ್ರಶ್ನೆ ಸೇರಿಸುವ ಇಂಥ ಸಂದರ್ಶನಗಳ ಮೇಲೆ ನನ್ನ ಒಂದೇ ತಕರಾರು, ಅಭಿಮಾನಿಗಳ ಪ್ರಶ್ನೆಗಳನ್ನು ಕೊನೆಗೆ ಒಂದು ಡಬ್ಬಿಯಲ್ಲಿ, ಮನರಂಜನೆಗೆ ಅನ್ನುವ ಹಾಗೆ ಹಾಕುವುದು. ಎಲ್ಲ ಪತ್ರಿಕೆಗಳೂ ಹಾಗೇ ಮಾಡುತ್ತವೆ. ಮುಖ್ಯ ಸಂದರ್ಶನ ಮುಗಿದ ಮೇಲೆ, ಈಗ ನಮ್ಮ ಓದುಗರಿಂದ ಕೆಲವು ಪ್ರಶ್ನೆ ಅಂತ. ಇಷ್ಟದ ಬಣ್ಣದ ಪ್ರಶ್ನೆ ಅಲ್ಲಿಗೆ ಹೋಗಲಿ. ಹೆಬ್ಬೆರಳಿನದು, ಮಡಿಸಿದ ಚೀಟಿಯದು ಮೊದಲು ಬರಬೇಕು. ಅದಕ್ಕೆ ಉತ್ತರ ಹೇಳುತ್ತಾ ಹೇಳುತ್ತಾ ಮಾತು ಎಲ್ಲಿಗೆ ಹೋಗುತ್ತದೋ ಅದೇ ಸಂದರ್ಶನ ಆಗಬೇಕು. ಕೇಳಿದವರ ಮೊದಲ ಹೆಸರೂ ಊರೂ ಅವರು ಒಪ್ಪಿದರೆ ಪ್ರಶ್ನೆಯ ಜೊತೆಗೇ ಇರಬೇಕು. ಕಲಾವಿದನಿಗೂ ಗೊತ್ತಾಗಲಿ, ಇದನ್ನು ಕೇಳುತ್ತಿರುವವಳ ಕೈಯಲ್ಲಿ ಗಾಯ ಇದೆ ಅಂತ.

ಆ ಸಲ ನನ್ನ ಸ್ವಂತ ಪ್ರಶ್ನೆಯನ್ನು ನಾನು ಕೊಡಲಿಲ್ಲ. ಗೆಳತಿ ಕೇಳಿದ್ದಳು, ಆಗ ನನ್ನ ಹತ್ತಿರ ಇರಲಿಲ್ಲ. ಈಗ ಇದೆ. 2017ರ ನವೆಂಬರ್‌ನಲ್ಲಿ ಮಿಯಾವಿ ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿಯ ಸದ್ಭಾವನಾ ರಾಯಭಾರಿ ಆದ, ಜಪಾನೀಯರಲ್ಲಿ ಮೊದಲನೆಯವನು. ಅದಕ್ಕೂ ಮೊದಲೇ ಲೆಬನಾನ್‌ನ ನಿರಾಶ್ರಿತರ ಕ್ಯಾಂಪಿಗೆ ಹೋಗಿದ್ದ, ಆಮೇಲೆ ಬಾಂಗ್ಲಾದೇಶ, ಕೀನ್ಯಾ. ಗಿಟಾರ್ ತಗೊಂಡೇ ಹೋಗುತ್ತಾನೆ, ಮಕ್ಕಳ ಮಧ್ಯೆ ಕೂತು ನುಡಿಸುತ್ತಾನೆ. ಆ ವಿಡಿಯೋಗಳನ್ನು ನೋಡುವಾಗ ನನಗೆ ಅನ್ನಿಸುವುದು ಇದು. ಅಲ್ಲಿ ಕ್ಯೂ ಇಲ್ಲ. ಕಣ್ಣಿಗೆ ಕಪ್ಪು ಹಚ್ಚಿಕೊಂಡವರಿಲ್ಲ. ಇವನು ಯಾರು ಅಂತ ಆ ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮಕ್ಕಳು ಸುಮ್ಮನಿರುವುದಿಲ್ಲವಲ್ಲ, ಗಿಟಾರ್ ನೋಡಿದರೆ ಏನಾದರೂ ಕೇಳಿಯೇ ಕೇಳುತ್ತಾರೆ. ಇಷ್ಟು ಜೋರಾಗಿ ಯಾಕೆ ಹೊಡೀತೀಯಾ, ಕೈ ನೋಯಲ್ವಾ, ನಾನೂ ಮುಟ್ಟಲಾ ಅಂತ ಕೇಳಿರಬಹುದು. ನನಗೆ ಅದು ಬೇಕು. ಆ ಮಕ್ಕಳು ನಿಮ್ಮನ್ನು ಮೊದಲು ಕೇಳಿದ ಪ್ರಶ್ನೆ ಯಾವುದು, ನೀವು ಏನು ಹೇಳಿದ್ರಿ?

ಇದನ್ನು ಗೆಳತಿಗೆ ಬರೆದು ಕಳಿಸಿದ್ದೇನೆ. ಮುಂದಿನ ಟೂರ್‌ಗೆ ಅವಳು ಮತ್ತೆ ಸಮಯ ಕೇಳುತ್ತಿದ್ದಾಳೆ, ಈ ಸಲ ನೋಟ್‌ಬುಕ್ ಹಿಡಿದು ಎರಡು ಊರಿನ ಕ್ಯೂಗೆ ಹೋಗುತ್ತಾಳಂತೆ.